ಅಮ್ಮ ಸಾಯಬೇಕಾದದ್ದು ಮೈಕಿನ ಕೆಳಗೆ

ಹಳೇ ಕಪ್ಪು-ಬಿಳುಪು ಸಂಸಾರದ ಸಿನಿಮಾವನ್ನು ಗೇಲಿ ಮಾಡುವ ನಾಟಕವನ್ನು ತುಮಕೂರು ಸೀಮೆಯಲ್ಲಿ ಆಡಬೇಕು ಅಂದರೆ ಕಥೆಗೇನೂ ಬರವಿಲ್ಲ. ಹೊಲಿಗೆ ಮಿಷನ್ ತುಳಿಯುವ ಅಮ್ಮ, ತಾನು ಓದದೆ ತಮ್ಮನನ್ನು ಓದಿಸುವ ಅಣ್ಣ, ಅಡವಿಟ್ಟ ಬಳೆ, ಮನೆ ಒಡೆಯುವ ಸೊಸೆ, ಕೊನೆಗೆ ಕೆಮ್ಮು. ಎಲ್ಲರಿಗೂ ಬಾಯಿಪಾಠ. ತೊಡಕಿರುವುದು ಸೀನರಿಯಲ್ಲಿ. ಇಲ್ಲಿ ಬಾಡಿಗೆಗೆ ಸಿಗುವುದೆಲ್ಲ ಪೌರಾಣಿಕ ನಾಟಕಕ್ಕೆ ಬರೆಸಿದ ಪರದೆ: ದರ್ಬಾರು, ಕಾಡು, ಬೀದಿ. ಹಾಗಾಗಿ ಬಾಡಿಗೆ ಕಟ್ಟಲಾಗದ ಬಡ ಕುಟುಂಬ ದುರ್ಯೋಧನನ ದರ್ಬಾರಿನಲ್ಲೇ ಗಂಜಿ ಕುಡಿಯಬೇಕು. ಇದನ್ನು ಮುಚ್ಚಿಡಲು ಹೋಗಬೇಡಿ. ಮನೆ ಓನರು ಬಂದು ಸಿಂಹಾಸನದ ಮೇಲೆ ಕೂತು, “ಮೂರು ತಿಂಗ್ಳಿಂದ ಬಾಡಿಗೆ ಇಲ್ವಲ್ಲಮ್ಮಾ” ಅಂದರೆ ಮೊದಲ ನಗು ಪುಕ್ಕಟೆ.

1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಇದೇ ಜಿಲ್ಲೆಯದು. ಕುರುಕ್ಷೇತ್ರ ಆಡಲು ನಿಜವಾದ ಆನೆಯನ್ನೇ ರಂಗಕ್ಕೆ ತಂದ ಕಂಪನಿ. ಹೊಲಿಗೆ ಮಿಷನ್ ಆನೆಗಿಂತ ಹಟಮಾರಿ. ಸ್ಟ್ಯಾಂಡಿನ ಕಾಲಿಗೆ ಸಣ್ಣ ಚಕ್ರವಿದ್ದರೆ ಹಲಗೆಯ ಸ್ಟೇಜಿನ ಮೇಲೆ ಅಮ್ಮ ತುಳಿದಂತೆಲ್ಲ ಅದು ಮುಂದೆ ಮುಂದೆ ಹೋಗುತ್ತದೆ, ಅಮ್ಮ ಸ್ಟೂಲು ಎಳೆದುಕೊಂಡು ಹಿಂದೆ ಹೋಗುತ್ತಾಳೆ. ಕೆಳಗೆ ಗೋಣಿಚೀಲ ಹಾಸಿ, ಬೆಲ್ಟ್ ಕಳಚಿ. ಪೆಡಲ್ ಮಾತ್ರ ಆಡುತ್ತದೆ, ಸೂಜಿ ಆಡುವುದಿಲ್ಲ; ಸೆರಗು ಉಳಿಯುತ್ತದೆ, ಸದ್ದೂ ಕಡಿಮೆ.

ಮುಖಕ್ಕೆ ಬೂದು ಬಣ್ಣ ಬಳಿದು ಕಪ್ಪು-ಬಿಳುಪಾಗಿಸುವುದು ಒಳ್ಳೇ ಉಪಾಯ. ಕಿವಿ, ಕತ್ತಿನ ಹಿಂಭಾಗ, ಅಂಗೈ ಮರೆಯುವುದು ಮಾಮೂಲು. ಎಲ್ಲ ಸರಿಯಾಗಿ ಬಳಿದರೂ ಬಾಯಿ ತೆರೆದ ತಕ್ಷಣ ಒಳಗೆ ಕೆಂಪು! ಅದಕ್ಕೆ ಔಷಧವಿಲ್ಲ, ಬೇಕಾಗಿಯೂ ಇಲ್ಲ. ಮೀಸೆಯದು ಬೇರೆ ಕಥೆ. ಬಣ್ಣ ಬಳಿದ ಮೇಲೆ ಗಮ್ ಹಚ್ಚಿದರೆ ಅದು ಹಿಡಿಯುವುದು ಬಣ್ಣಕ್ಕೆ, ಚರ್ಮಕ್ಕಲ್ಲ. ಬೆವರಿದ ಕೂಡಲೇ ಅಣ್ಣನ ಮೀಸೆ ತಮ್ಮನ ಹೆಗಲ ಮೇಲಿರುತ್ತದೆ. ಮೊದಲು ತುಟಿಯ ಮೇಲೆ ಒರೆಸಿ, ಗಮ್ ಹಚ್ಚಿ, ಅಂಟು ಬರುವ ತನಕ ಕಾದು, ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಿ, ಬಣ್ಣ ಆಮೇಲೆ.

ಕೆಮ್ಮಿನ ರಕ್ತಕ್ಕೆ ಕುಂಕುಮದ ನೀರು ಬೇಡ. ಬಾಡಿಗೆ ಸೀರೆಗೆ ತಗುಲಿದರೆ ಅಡ್ವಾನ್ಸ್ ಹೋಯಿತು. ಕರ್ಚೀಫಿನ ಒಳಮಡಿಕೆಗೆ ಹಿಂದಿನ ದಿನವೇ ಕೆಂಪು ಬಣ್ಣ ಹಚ್ಚಿ ಒಣಗಿಸಿಡಿ, ಕೆಮ್ಮಿದಾಗ ಬಿಚ್ಚಿದರಾಯಿತು. ಲೈಟಿನವನಿಗೆ ಮಾತ್ರ ಮೊದಲೇ ಹೇಳಿ. ದುಃಖದ ಸೀನು ಅಂತ ಅವನು ಪೂರ್ತಿ ಕೆಂಪು ಲೈಟು ಬಿಟ್ಟರೆ ಕೆಂಪು ಬಣ್ಣವೂ ಬಿಳಿ ಬಟ್ಟೆಯೂ ಒಂದೇ ಥರ ಕಾಣುತ್ತವೆ. ಅಮ್ಮನಿಗೆ ಬರೀ ನೆಗಡಿ ಅಂತ ಜನ ತಿಳಿಯುತ್ತಾರೆ.

“ನಂಗೆ ಹಸಿವಿಲ್ಲ ಮಗಾ, ನೀನು ತಿನ್ನು” ಸೀನಿಗೆ ಅನ್ನಕ್ಕಿಂತ ಮುದ್ದೆ ವಾಸಿ. ಅಗಿಯುವಂತಿಲ್ಲ, ನುಂಗಿದರೆ ಮಾತಿಗೆ ಬಾಯಿ ಖಾಲಿ. ಅನ್ನವಾದರೆ ಅಗುಳು ಮೈಕಿಗೆ. ಆದರೆ ಸಂಜೆ ಕಟ್ಟಿಟ್ಟ ಮುದ್ದೆ ರಾತ್ರಿ ಹೊತ್ತಿಗೆ ಮೇಲೆ ಹೆಕ್ಕಳಿಸಿ ಗಂಟಲಲ್ಲೇ ಕೂರುತ್ತದೆ. ತುಪ್ಪ ಸವರಿ ಮುಚ್ಚಿಡಿ, ತುತ್ತು ಗೋಲಿಯಷ್ಟಿರಲಿ.

ಕ್ಲೋಸಪ್ಪಿಗೆ ಇಬ್ಬರು ಹುಡುಗರು ಖಾಲಿ ಫೋಟೋ ಫ್ರೇಮು ಹಿಡಿದು ಮುಖದ ಮುಂದೆ ನಿಂತರೆ ಸಾಕು. ರಿದಂ ಪ್ಯಾಡಿನವನು ಮೂರು ಸಲ ಢಣ್ ಅನ್ನಿಸುವಾಗ ಪ್ರತಿ ಪೆಟ್ಟಿಗೂ ಒಂದೊಂದು ಗೇಣು ಮುಂದೆ. ನಾಲ್ಕನೇದು ಬೇಡವೇ ಬೇಡ. ಹುಡುಗರು ನಗಬಾರದು, ಅಮ್ಮ ಅಂತೂ ನಗಲೇಬಾರದು. ಪಾತ್ರಧಾರಿ ತಾನೇ ಕಿಸಕ್ಕೆಂದರೆ ಅದು ಗೇಲಿಯಲ್ಲ, ಪ್ರಾಕ್ಟೀಸ್ ಸಾಲದು ಅಂತ ಅರ್ಥ. ಮುಂದಿನ ಸಾಲಿನ ಹೆಂಗಸರು ನಡುವೆ ನಿಜವಾಗಿ ಕಣ್ಣೊರೆಸಿಕೊಂಡರೆ ಗಾಬರಿ ಬೇಡ, ನಾಟಕ ಸರಿದಾರಿಯಲ್ಲಿದೆ.

ಸಾವಿನ ಜಾಗವನ್ನು ಮಾತ್ರ ಸೀಮೆಸುಣ್ಣದಲ್ಲಿ ಗುರುತು ಹಾಕಿ. ತೂಗುಬಿಟ್ಟ ಮೈಕಿನ ನೇರ ಕೆಳಗೆ ಮಂಚವಿರದಿದ್ದರೆ ಕೊನೆಯ ಮಾತು ಅಮ್ಮನಿಗೇ ಗೊತ್ತು. ಪರದೆ ಬೀಳುವ ಗೆರೆಯಿಂದ ಮೂರಡಿ ಹಿಂದಿರಲಿ. ಪರದೆಯ ತಳದ ಬಿದಿರು ಕಾಲಿಗೆ ಬಿದ್ದರೆ ಎಂಥ ಹೆಣವೂ ಎದ್ದು ಕೂರುತ್ತದೆ. ಇನ್ನು ಪರದೆ ಬಿಡಲು ಡ್ರಾಮಾ ಮೇಷ್ಟ್ರು ಸೀಟಿ ಊದುವ ಪದ್ಧತಿ ಕಾಮಿಡಿಗೆ ನಡೆಯುವುದಿಲ್ಲ. ಜನ ಖುಷಿಯಾಗಿ ಶಿಳ್ಳೆ ಹೊಡೆದಾಗಲೆಲ್ಲ ಹಗ್ಗದವನು ಪರದೆ ಬಿಡುತ್ತಾನೆ. ಅವನ ಕಡೆ ಟಾರ್ಚ್ ಬಿಡುವುದು ಮೇಲು, ಅವನು ಎಚ್ಚರವಾಗಿದ್ದರೆ.