ರಾಣಿ ಬಂದರೂ ಎರಡು ಜೆರಾಕ್ಸ್

ಅಮ್ಮನಿಗೆ ಮಂಡಿನೋವು. ಮೊನ್ನೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಮುಂದಿನ ತಿಂಗಳೂ ಅಲ್ಲಿಗೇ ಹೋಗಬೇಕು.

ಬಾಗಿಲಲ್ಲೇ ಬೋರ್ಡು: ‘ಕ್ಯೂನಲ್ಲಿ ಕಾಯಬೇಡಿ, ಕ್ಯೂಆರ್ ಸ್ಕ್ಯಾನ್ ಮಾಡಿ.’ ಸ್ಕ್ಯಾನ್ ಮಾಡೋಕೆ ಉದ್ದನೆಯ ಕ್ಯೂ. ನಮ್ಮ ಮುಂದಿದ್ದ ಅಜ್ಜನ ಹತ್ತಿರ ಬಟನ್ ಫೋನು. ಅದನ್ನೇ ಬೋರ್ಡಿಗೆ ಮೂರು ಸಲ ಒತ್ತಿ ನೋಡಿದರು. ಪಾಪ ಅನಿಸಿ ಸೆಕ್ಯುರಿಟಿ ಹುಡುಗ ತನ್ನ ಫೋನಲ್ಲಿ ಸ್ಕ್ಯಾನ್ ಮಾಡಿಕೊಟ್ಟ. ಟೋಕನ್ ಬಂತು, ಹುಡುಗನ ಹೆಸರಲ್ಲಿ. ವಯಸ್ಸು 27. ಅಜ್ಜ ಅದನ್ನು ಹಿಡಿದು ಒಳಗೆ ಹೋದರು. ನಡಿಗೆಯಲ್ಲಿ ಸ್ವಲ್ಪ ಚುರುಕು ಬಂದ ಹಾಗೇ ಕಂಡಿತು.

ನಮ್ಮದು 20 ರೂಪಾಯಿ ಚೀಟಿ. ಬೆಂಗಳೂರಿನ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳ ಕಡೆಯೂ 2024ರ ಕೊನೆಯಲ್ಲಿ 10 ಇದ್ದದ್ದು 20 ಆಯ್ತು. ಅದನ್ನು ಏರಿಕೆ ಅನ್ನಬಾರದು, ಪರಿಷ್ಕರಣೆ ಅನ್ನಬೇಕು. ಇರಲಿ, 20 ರೂಪಾಯಿಗೆ ಯಾರೂ ಮುಳುಗಲ್ಲ. ಆದರೆ ಚೀಟಿ ಅನ್ನೋದು ಬೀಜ. ಕೈಗೆ ಬಂದ ಗಳಿಗೆಯಿಂದ ಮರಿ ಹಾಕೋಕೆ ಶುರು. ಆಧಾರ್ ಎರಡು ಪ್ರತಿ, ಬಿಪಿಎಲ್ ಕಾರ್ಡು ಎರಡು ಪ್ರತಿ, ಚೀಟಿಯದೇ ಎರಡು ಪ್ರತಿ.

ಹಾಗಾಗಿ ಆಸ್ಪತ್ರೆ ಎದುರು ಔಷಧಿ ಅಂಗಡಿಗಿಂತ ಜೆರಾಕ್ಸ್ ಅಂಗಡಿಯಲ್ಲೇ ರಷ್ ಜಾಸ್ತಿ. ಅಂಗಡಿಯವನು ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ. ಅಮ್ಮನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ, ಟ್ಯೂಬ್‌ಲೈಟಿಗೆ ಹಿಡಿದ, ಬೆರಳಲ್ಲಿ ಒಂದು ಮೂಲೆ ಒತ್ತಿ ನೋಡಿದ. ಆಮೇಲೆ ಮೆತ್ತಗೆ ಹೇಳಿದ, ‘ಮೂಳೆ ವಿಭಾಗದ ಸೀಲ್ ಬಿದ್ದಿಲ್ಲ ಅಮ್ಮಾ. ಹೆದರ್ಕೋಬೇಡಿ, ಹನ್ನೆರಡನೇ ರೂಮಲ್ಲಿ ಹಾಕ್ತಾರೆ.’ ಅವತ್ತು ನಮಗೆ ಸಿಕ್ಕಿದ ಅತಿ ದೀರ್ಘ ತಪಾಸಣೆ ಅದೇ.

ಡಾಕ್ಟರನ್ನು ಬೈಯೋ ಹಾಗಿಲ್ಲ. ಅವರ ಮುಂದಿನ ಸಾಲು ನೋಡಿದರೆ ಅವರ ಹೆಸರಲ್ಲೂ ಒಂದು ಚೀಟಿ ಮಾಡಿಸೋಣ ಅನಿಸಿತು.

ಕಾಯುತ್ತಾ ಕೂತಾಗ ವಿಕ್ಟೋರಿಯಾ ರಾಣಿ ನೆನಪಾದಳು. ಅವಳು ಪಟ್ಟಕ್ಕೆ ಬಂದು 60 ವರ್ಷ ಆಯ್ತು ಅಂತ 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಂದು ಉದ್ಘಾಟನೆ ಮಾಡಿದ. ರಾಣಿ ಮಾತ್ರ ಈ ದೇಶದ ಕಡೆ ಒಂದು ಸಲವೂ ತಲೆ ಹಾಕಲಿಲ್ಲ, ಮುಂದಿನ ತಿಂಗಳೇ ತೀರಿಕೊಂಡಳು. ಒಳ್ಳೇದೇ ಆಯ್ತು ಬಿಡಿ. ಇವತ್ತು ಬಂದಿದ್ದರೆ ಕೌಂಟರಿನವರು ಸುಮ್ನೆ ಬಿಡ್ತಿದ್ರಾ? ಅವಳ ಮೊದಲ ಹೆಸರು ಅಲೆಕ್ಸಾಂಡ್ರಿನಾ. ‘ಬೋರ್ಡಲ್ಲಿ ವಿಕ್ಟೋರಿಯಾ, ಆಧಾರ್‌ನಲ್ಲಿ ಅಲೆಕ್ಸಾಂಡ್ರಿನಾ. ಮ್ಯಾಚ್ ಆಗ್ತಿಲ್ಲಮ್ಮ. ಸರಿ ಮಾಡಿಸ್ಕೊಂಡು ಬನ್ನಿ, ಎರಡು ಜೆರಾಕ್ಸ್ ತನ್ನಿ.’

ಸಂಜೆ ಮಾವ ಬಂದರು. ಅಮ್ಮನ ತಮ್ಮ, ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಮಂಡಿನೋವು ನಮ್ಮ ಮನೆತನದ ಆಸ್ತಿ, ಅವರಿಗೂ ಪಾಲು ಬಂದಿದೆ. ಸೇನೆಯವರದ್ದು ಬೇರೆಯೇ ಲೋಕ. ಹಳೇ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆ ವಾಯುಪಡೆಯದು. ಭೂಸೇನೆಯವರೂ ಅಲ್ಲಿಗೇ, ನೌಕಾಪಡೆಯವರೂ ಅಲ್ಲಿಗೇ. ಸಮುದ್ರವೇ ಇಲ್ಲದ ಊರಲ್ಲಿ ನಾವಿಕನ ಮಂಡಿಯನ್ನು ವಾಯುಪಡೆ ನೋಡಿಕೊಳ್ಳುತ್ತದೆ. ಇದಕ್ಕಿಂತ ದೇಶದ ಐಕ್ಯತೆ ಬೇಕಾ?

ಆದರೆ ನಿವೃತ್ತರಾದವರು ಮೊದಲು ತಮ್ಮ ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿ ಕಾರ್ಡು ತೋರಿಸಬೇಕು, ರೆಫರಲ್ ತಗೋಬೇಕು, ಆಮೇಲೆ ದೊಡ್ಡಾಸ್ಪತ್ರೆ. ಗಡಿಯಲ್ಲಿ ಇಪ್ಪತ್ತು ವರ್ಷ ಗನ್ ಹಿಡಿದ ಕೈ ಈಗ ಪ್ಲಾಸ್ಟಿಕ್ ಫೈಲು ಹಿಡಿದಿದೆ. ಆ ಫೈಲೂ ಶಿಸ್ತಾಗೇ ಇದೆ. ಕಾರ್ಡಿಗೆ ಒಂದು ಜೇಬು, ರೆಫರಲ್‌ಗೆ ಒಂದು, ಕೊನೆಯ ಜೇಬಲ್ಲಿ ಸ್ಟೇಪ್ಲರ್.

ಮಾವ ಅಮ್ಮನ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಪಿನ್ ಹೊಡೆದರು. ಆಮೇಲೆ ತಮ್ಮದೊಂದು ಕಾಗದ ತೆಗೆದು ತೋರಿಸಿದರು. ಮಾತ್ರೆಯ ಹೆಸರಿನ ಎದುರು ನೀಲಿ ಬಣ್ಣದಲ್ಲಿ ‘ಎನ್‌ಎ’. ಅಂದರೆ ಸ್ಟಾಕ್ ಇಲ್ಲ.

‘ನೋಡಕ್ಕ, ನಮ್ಮ ಕಡೆ ಶಿಸ್ತು ಅಂದ್ರೆ ಶಿಸ್ತು. ಮಾತ್ರೆ ಇಲ್ಲ ಅನ್ನೋದಕ್ಕೂ ಸೀಲ್ ಹಾಕ್ತಾರೆ.’

ಅಮ್ಮ ಮಂಡಿ ನೀವಿಕೊಂಡು ಅಂದಳು, ‘ನಮ್ಮ ಕಡೆ ಬಾಯಲ್ಲೇ ಇಲ್ಲ ಅಂತಾರೆ ಕಣೋ. ಅದೊಂದಕ್ಕೆ ಜೆರಾಕ್ಸ್ ಬೇಡ.’