ಪತ್ತೆಗಿಂತ ನಿಗಾದಲ್ಲಿ ಹೆಚ್ಚು ನೆರವು
ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಹೆಚ್ಚಬಹುದಾದ ವಸ್ತು) ರಕ್ತಪರೀಕ್ಷೆಯೊಂದರಿಂದಲೇ ಕ್ಯಾನ್ಸರ್ ಖಚಿತವಾಗುತ್ತದೆ ಎಂಬರ್ಥ ಬರುವ, ಲೇಖನವೊಂದರ ಮಾತನ್ನು ಒಪ್ಪುವುದು ಕಷ್ಟ. ಇಂಥ ಒಂದು ಮಾರ್ಕರ್ ಆದ ಸಿಎ-125ರ ಪ್ರಮಾಣವು ಅಂಡಾಶಯದ ಕ್ಯಾನ್ಸರ್‌ನಲ್ಲಿ ಮಾತ್ರವಲ್ಲ, ಎಂಡೊಮೆಟ್ರಿಯೋಸಿಸ್‌ನಲ್ಲಿಯೂ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಗರ್ಭಾವಸ್ಥೆಯಲ್ಲಿಯೂ ಏರಬಹುದಾದ್ದರಿಂದ, ವರದಿಯ ಒಂದು ಅಂಕಿಯನ್ನು ನೋಡಿ ಮನೆಮಂದಿ ಕಂಗೆಡಬೇಕಾಗಿಲ್ಲ.

ಪ್ರಯೋಗಾಲಯದ ನಿಜವಾದ ಶಕ್ತಿ ಕಾಣುವುದು ಚಿಕಿತ್ಸೆಯ ನಿಗಾದಲ್ಲಿ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ರೋಗಿಗಳಲ್ಲಿ, 1960ರಲ್ಲಿ ವರದಿಯಾದ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಬದಲಾದ ವರ್ಣತಂತುವಿನ ಮೇಲಿರುವ, ಈ ಕ್ಯಾನ್ಸರ್‌ಗೆ ಕಾರಣವಾಗುವ ಬಿಸಿಆರ್-ಎಬಿಎಲ್ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದನ್ನು ಪಿಸಿಆರ್ ಪರೀಕ್ಷೆಯು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅಳೆದು, ಇಮಾಟಿನಿಬ್ ಮಾತ್ರೆ ಫಲಿಸುತ್ತಿದೆಯೇ ಎಂದು ರೋಗಲಕ್ಷಣ ಮರುಕಳಿಸುವ ಮುನ್ನವೇ ತಿಳಿಸುತ್ತದೆ. ಲ್ಯಾಬ್‌ಗಳ ಫಲಿತಾಂಶ ಹೋಲಿಸಲು ಬಳಸುವ ಅಂತರರಾಷ್ಟ್ರೀಯ ಮಾಪಕದಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣವು ಶೇ 0.1ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಬಹಳ ಒಳ್ಳೆಯ ಸೂಚನೆ. ಲ್ಯಾಬ್ ಬದಲಾಗಿ ಮಾಪಕ ಬೇರೆಯಾದರೆ ಹೋಲಿಕೆಯೇ ತಪ್ಪುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಒಂದೇ ಲ್ಯಾಬ್‌ನಲ್ಲಿ ಪರೀಕ್ಷೆ ಮುಂದುವರಿಸುವಂತೆ ರೋಗಿಗಳಿಗೆ ತಿಳಿಹೇಳುವುದು ಅತ್ಯಗತ್ಯ.