ಸಿ ಡ್ರೈವಿನ ಅಣ್ಣಂದಿರು

ಮನೆಗೆ ಹೊಸ ಕಂಪ್ಯೂಟರ್ ಕೊಳ್ಳಬೇಕು ಎಂದು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಮೊದಲ ಪ್ರಶ್ನೆ ಎಲ್ಲರದೂ ಒಂದೇ. ‘ಕಂಪ್ಯೂಟರಿನಲ್ಲಿ ನೀವು ಮುಖ್ಯವಾಗಿ ಏನು ಮಾಡುತ್ತೀರಿ?’ ಕೇಳುವ ಧಾಟಿಯಲ್ಲೇ ಸಣ್ಣದೊಂದು ತನಿಖೆ ಅಡಗಿರುತ್ತದೆ. ಗೇಮ್ ಆಡುತ್ತೀರಾ? ಇಲ್ಲ. ವಿಡಿಯೊ ಎಡಿಟಿಂಗ್? ಇಲ್ಲ. ಪ್ರೋಗ್ರಾಮ್ ಬರೆಯುತ್ತೀರಾ? ಇಲ್ಲ. ಒಂದೊಂದು ‘ಇಲ್ಲ’ಕ್ಕೂ ಅವರ ಕಣ್ಣಿನಲ್ಲಿ ನನ್ನ ದರ್ಜೆ ಒಂದೊಂದು ಮೆಟ್ಟಿಲು ಇಳಿಯುವುದು ನನಗೆ ಸ್ಪಷ್ಟವಾಗಿ ಕಾಣಿಸುತ್ತದೆ. ಕೊನೆಗೆ, ‘ಹಾಗಾದರೆ ನಿಮಗೆ ಯಾವುದಾದರೂ ನಡೆಯುತ್ತದೆ ಬಿಡಿ’ ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಾರೆ. ಯಾವುದಾದರೂ ನಡೆಯುವವನಿಗೇ ಆಯ್ಕೆ ಅತ್ಯಂತ ಕಷ್ಟ ಎಂಬ ಸತ್ಯ ಈ ಪರಿಣತರಿಗೆ ಯಾವತ್ತೂ ಹೊಳೆಯುವುದಿಲ್ಲ.

ನಾನು ಕಂಪ್ಯೂಟರಿನಲ್ಲಿ ಮುಖ್ಯವಾಗಿ ಮಾಡುವುದು ಹುಡುಕುವುದನ್ನು. ಎಲ್ಲೋ ಉಳಿಸಿದ ಒಂದು ಪತ್ರ ಬೇಕಾಗಿರುತ್ತದೆ. ‘ಸ್ಕ್ಯಾನ್ 0047’ ಎಂಬ ಫೈಲಿನ ಮೇಲೆ ಅನುಮಾನ ಬಂದು ತೆರೆಯುತ್ತೇನೆ. ಅದು ವಾಷಿಂಗ್ ಮೆಷಿನ್ನಿನ ವಾರಂಟಿ ಕಾರ್ಡ್. ಮೆಷಿನ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ವಾರಂಟಿ ಮಾತ್ರ ಇನ್ನೂ ಬೆಳ್ಳಗೆ ನಗುತ್ತಿದೆ. ಅಳಿಸಲು ಮನಸ್ಸು ಬರುವುದಿಲ್ಲ, ಮುಚ್ಚಿ ಮುಂದಿನದನ್ನು ತೆರೆಯುತ್ತೇನೆ. ಹೀಗೆ ಅರ್ಧ ಮಧ್ಯಾಹ್ನ ಕಳೆಯುತ್ತದೆ. ಈ ಕೆಲಸಕ್ಕೆ ಎಷ್ಟು ಕೋರ್‌ಗಳ ಪ್ರೊಸೆಸರ್ ಬೇಕು ಎಂದು ಯಾರಾದರೂ ಹೇಳಲಿ ನೋಡೋಣ.

ಇಷ್ಟಕ್ಕೂ ಈಗಿರುವ ಕಂಪ್ಯೂಟರ್ ಕೆಟ್ಟಿಲ್ಲ. ತೊಂದರೆ ಇರುವುದೇ ಅಲ್ಲಿ. ಕೆಟ್ಟಿದ್ದರೆ ಒಂದು ದಿನ ದುಃಖಪಟ್ಟು ಹೊಸದನ್ನು ತರಬಹುದಿತ್ತು. ಇದು ಗುಂಡಿ ಒತ್ತಿದರೆ ಎದ್ದು ಕೂರುತ್ತದೆ, ಹೇಳಿದ ಕೆಲಸ ಮಾಡುತ್ತದೆ. ಆದರೂ ಕಾಗದದ ಮೇಲೆ ಅದರ ಆಯುಸ್ಸು ಮುಗಿದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಏಳನೇ ತಲೆಮಾರಿನದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸಾಮಾನ್ಯವಾಗಿ ಪಟ್ಟಿಯ ಹೊರಗೇ ನಿಲ್ಲಬೇಕು. 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ ಅದೇ ಕಂಪನಿಯ ಉದ್ಯೋಗಿಯೊಬ್ಬರು ಇದೇ ಕೊನೆಯ ವಿಂಡೋಸ್ ಎಂದು ವೇದಿಕೆಯ ಮೇಲೆ ನಿಂತು ಹೇಳಿದ್ದರು. ಆರು ವರ್ಷಕ್ಕೆ 11 ಬಂತು. ‘ಕೊನೆಯ’ ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡುವವರ ಮೇಲೆ ನನಗೆ ಸಿಟ್ಟಿದೆ.

ವಿಂಡೋಸ್‌ನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಪಕ್ಷಪಾತಿಯಾದ ಗೆಳೆಯನೊಬ್ಬ ಈ ಸುದ್ದಿ ಕೇಳಿ ಪೆನ್‌ಡ್ರೈವ್ ಹಿಡಿದುಕೊಂಡೇ ಬಂದ. ಅವನ ಕಣ್ಣಿನಲ್ಲಿ ಆ ಹೊಳಪನ್ನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ ಮಾಡಿ ತೋರಿಸಿದ. ಹಳೆಯ ಯಂತ್ರ ನಿಜವಾಗಿಯೂ ಚುರುಕಾಗಿ ಓಡಿತು. ನಾನು ಸುಮ್ಮನೆ, ‘ಇದರಲ್ಲಿ ಸಿ ಡ್ರೈವ್ ಎಲ್ಲಿದೆ?’ ಎಂದೆ. ವಿಂಡೋಸ್‌ನಲ್ಲಿ ಮುಖ್ಯ ಡಿಸ್ಕಿನ ಹೆಸರು ಅದು.

‘ಇಲ್ಲಿ ಸಿ ಗಿ ಏನೂ ಇಲ್ಲ ಮಾರಾಯ. ಎಲ್ಲವೂ ಒಂದು ಓರೆಗೀಟಿನಿಂದ ಶುರುವಾಗುತ್ತದೆ’ ಎಂದ.

ಆ ಮೇಲೆ ಅವನು ಹೇಳಿದ್ದೊಂದೂ ನನ್ನ ಕಿವಿಗೆ ಬೀಳಲಿಲ್ಲ. ಸಿ ಇಲ್ಲದ ಕಂಪ್ಯೂಟರ್! ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಕಂಪ್ಯೂಟರ್ ‘ಸಿ’ಯಿಂದಲೇ ಏಕೆ ಶುರುವಾಗುತ್ತಿತ್ತು? ವರ್ಣಮಾಲೆ ಅಲ್ಲಿಂದ ಶುರುವಾಗುವುದಿಲ್ಲವಲ್ಲ. ಎ ಎಲ್ಲಿ ಹೋಯಿತು, ಬಿ ಎಲ್ಲಿ ಹೋಯಿತು?

ಎ ಮತ್ತು ಬಿ ಫ್ಲಾಪಿಗಳಿಗೆ, ಅಂದರೆ ಡ್ರೈವಿಗೆ ಹಾಕಿ ತೆಗೆಯುವ ತೆಳು ಡಿಸ್ಕ್‌ಗಳಿಗೆ ಸೇರಿದ್ದವು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು ಐದೂಕಾಲು ಇಂಚಿನ ಫ್ಲಾಪಿ, ಬೀಸಿಕೊಂಡರೆ ಗಾಳಿ ಬರುವಷ್ಟು ಬಾಗುವಂಥದ್ದು. ಒಂದಕ್ಕೆ 160 ಕಿಲೋಬೈಟ್. ಎರಡು ಡ್ರೈವ್ ಇದ್ದ ಅನುಕೂಲಸ್ಥರ ಯಂತ್ರದಲ್ಲಿ ಒಂದು ಎ, ಇನ್ನೊಂದು ಬಿ. ಒಂದೇ ಇದ್ದ ಬಡವರ ಯಂತ್ರದಲ್ಲಿ ಡಾಸ್ ಎಂಬ ಆಗಿನ ಆಪರೇಟಿಂಗ್ ಸಿಸ್ಟಂ ಒಂದು ನಾಟಕ ಆಡುತ್ತಿತ್ತು. ಅದೇ ಡ್ರೈವನ್ನು ಈಗ ಎ ಎನ್ನುವುದು, ಇನ್ನೊಂದು ಗಳಿಗೆಗೆ ಬಿ ಎನ್ನುವುದು. ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಪ್ರತಿ ಮಾಡಲು ಹೊರಟರೆ, ‘ಬಿ ಡ್ರೈವಿನ ಫ್ಲಾಪಿ ಹಾಕಿ ಒಂದು ಕೀಲಿ ಒತ್ತಿ’ ಎಂದು ಗಂಭೀರವಾಗಿ ಆಜ್ಞೆ ಮಾಡುತ್ತಿತ್ತು. ಮನುಷ್ಯ ಎ ಫ್ಲಾಪಿ ತೆಗೆದು ಅದೇ ಬಾಯಿಗೆ ಬಿ ತುರುಕಬೇಕು. ಮೆಮೊರಿ ಸಾಲದಿದ್ದರೆ ಮತ್ತೆ ಎ, ಮತ್ತೆ ಬಿ. ಯಂತ್ರಕ್ಕೂ ಗೊತ್ತು, ಮನುಷ್ಯನಿಗೂ ಗೊತ್ತು, ಬಾಯಿ ಒಂದೇ ಎಂದು. ಆದರೂ ಇಬ್ಬರೂ ಮರ್ಯಾದೆಗೆ ಭಂಗ ಬಾರದಂತೆ ನಡೆದುಕೊಳ್ಳುತ್ತಿದ್ದರು. ಈಗಿನ ಯಾವ ಆಪರೇಟಿಂಗ್ ಸಿಸ್ಟಂ ನನ್ನೊಡನೆ ಇಷ್ಟು ಸೌಜನ್ಯದಿಂದ ಮಾತನಾಡುತ್ತದೆ?

1983ರಲ್ಲಿ ಬಂದ ಐಬಿಎಂ ಎಕ್ಸ್‌ಟಿಯಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇತ್ತು. ಎ, ಬಿ ಆಗಲೇ ಫ್ಲಾಪಿಗಳ ಪಾಲಾಗಿದ್ದರಿಂದ ಅದು ಸಿ ಆಯಿತು. ಆಮೇಲೆ ಮೂರೂವರೆ ಇಂಚಿನ ಗಟ್ಟಿ ಫ್ಲಾಪಿ ಬಂತು, 1.44 ಮೆಗಾಬೈಟ್‌ನದು. ಅದರ ಲೋಹದ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ ಬಿಟ್ಟರೆ ಟಕ್ಕೆಂದು ಹಿಂದಕ್ಕೆ ಬರುತ್ತಿತ್ತು. ಕಚೇರಿಯ ಸಭೆಗಳಲ್ಲಿ ಎಷ್ಟೋ ಮಹನೀಯರು ಮಾಡಿದ ಏಕೈಕ ಕೆಲಸ ಅದು. ಈಗ ಮೊಬೈಲಿನಲ್ಲಿ ತೆಗೆದ 4 ಮೆಗಾಬೈಟ್‌ನ ಒಂದು ಫೋಟೊ ಇಡಲು ಅಂಥ ಮೂರು ಫ್ಲಾಪಿ ಬೇಕು. 1998ರಲ್ಲಿ ಆಪಲ್‌ನ ಐಮ್ಯಾಕ್ ಫ್ಲಾಪಿ ಡ್ರೈವ್ ಇಲ್ಲದೆಯೇ ಬಂತು. ಉಳಿದವರೂ ನಿಧಾನವಾಗಿ ಕೈಬಿಟ್ಟರು. ಸರ್ಕಾರಕ್ಕೆ ಅರ್ಜಿ, ದಾಖಲೆಗಳನ್ನು ಫ್ಲಾಪಿಯಂಥವುಗಳಲ್ಲೇ ಸಲ್ಲಿಸಬೇಕೆಂಬ ನಿಯಮಗಳನ್ನು ಜಪಾನ್ ಹೆಚ್ಚುಕಡಿಮೆ ಪೂರ್ತಿಯಾಗಿ ತೆಗೆದುಹಾಕಿದ್ದು 2024ರಲ್ಲಿ. ಜಪಾನಿನ ಮೇಲೆ ನನಗೆ ಗೌರವ ಹೆಚ್ಚಿದ್ದು ಇದನ್ನು ಓದಿದ ಮೇಲೆಯೇ.

ಆದರೆ ವಿಂಡೋಸ್ ಮಾತ್ರ ಇವತ್ತಿಗೂ ಸಿ ಎಂದೇ ಶುರುಮಾಡುತ್ತದೆ. ತೀರಿಹೋದ ಅಣ್ಣಂದಿರ ಕೋಣೆಗಳನ್ನು ಹಾಗೆಯೇ ಬಿಟ್ಟು, ಮೂರನೆಯವನು ಮೂರನೆಯ ಕೋಣೆಯಲ್ಲೇ ಸಂಸಾರ ಮಾಡಿಕೊಂಡಿದ್ದಾನೆ. ಹೊಸದಾಗಿ ಪೆನ್‌ಡ್ರೈವ್ ಬಂದರೆ ಡಿ, ಇ, ಎಫ್ ಎಂದು ಹಿಂದೆ ಜಾಗ ತೋರಿಸುತ್ತಾನೆಯೇ ಹೊರತು ಖಾಲಿ ಇರುವ ಮುಂದಿನ ಕೋಣೆಗಳ ಬಾಗಿಲನ್ನು ತಾನಾಗಿ ತೆರೆಯುವುದಿಲ್ಲ. ಬೇಕೆಂದರೆ ಸೆಟ್ಟಿಂಗ್‌ಗೆ ಹೋಗಿ ಕೈಯಾರೆ ಎ ಎಂದು ಹೆಸರಿಡಬಹುದು. ನಾನು ಒಮ್ಮೆ ಇಟ್ಟೂ ನೋಡಿದೆ. ಒಂದು ಪೆನ್‌ಡ್ರೈವ್, ಅದೂ ಯಾವುದೋ ಸಮಾರಂಭದಲ್ಲಿ ಪುಕ್ಕಟೆ ಸಿಕ್ಕಿದ್ದು, ಎ ಎಂದು ಬೀಗುತ್ತಿರುವುದನ್ನು ನೋಡಲಾಗದೆ ಮತ್ತೆ ಇ ಮಾಡಿದೆ.

ಇದನ್ನೆಲ್ಲ ಗೆಳೆಯನಿಗೆ ವಿವರಿಸುವ ಹೊತ್ತಿಗೆ ಅವನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಲಿನಕ್ಸ್ ಒಳ್ಳೆಯದೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ಹೇಳಿ ಶುರುಮಾಡಿದ್ದು. ಇಂದು ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳೂ ಅದರ ಮೇಲೆಯೇ ನಡೆಯುತ್ತವೆ. ನನ್ನ ತಕರಾರು ಲಿನಕ್ಸಿನ ಮೇಲಲ್ಲ, ಅದರ ಭಕ್ತರ ಮೇಲೆ. ಲಿನಕ್ಸಿನಲ್ಲೇ ಹಲವು ಬಗೆ; ಉಬುಂಟುವೋ, ಮಿಂಟೋ, ಫೆಡೋರಾವೋ, ಡೆಬಿಯನ್ನೋ ಎಂದು ಒಬ್ಬರನ್ನು ಕೇಳಿ. ಅವರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿ. ಆಮೇಲೆ ಆ ಇಬ್ಬರನ್ನೂ ಒಂದೇ ಊಟಕ್ಕೆ ಕರೆಯಬೇಡಿ.

ಸೋದರಳಿಯ ಮ್ಯಾಕ್, ಅಂದರೆ ಆಪಲ್ ಕಂಪ್ಯೂಟರಿನ ಪಂಗಡದವನು. ‘ಮಾವ, ಒಮ್ಮೆ ತೆಗೆದುಕೊಂಡರೆ ತಲೆನೋವಿಲ್ಲ’ ಎನ್ನುತ್ತಾನೆ. ಅವನಿಂದ ಒಂದು ಸೊಗಸಾದ ವಿಷಯ ತಿಳಿಯಿತು. 512 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ 476 ಜಿಬಿ ಎಂದು ತೋರಿಸುತ್ತದೆ, ಏಕೆಂದರೆ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮ್ಯಾಕ್ 2009ರಿಂದಲೇ ಸಾವಿರದ ಲೆಕ್ಕಕ್ಕೆ ಬಂದಿದೆ. ಅಂದರೆ ಡಿಸ್ಕ್ ಬದಲಿಸದೆ ಬರೀ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ 36 ಜಿಬಿ ಲಾಭ. ಈ ಒಂದು ಕಾರಣಕ್ಕೇ ಮ್ಯಾಕ್ ಕೊಳ್ಳುವಷ್ಟು ಉತ್ಸಾಹ ಬಂದಿತ್ತು. ಆದರೆ ಈಗಿನ ಮ್ಯಾಕ್‌ಗಳಲ್ಲಿ ಮೆಮೊರಿಯನ್ನು (ಡಿಸ್ಕಲ್ಲ, ರ‍್ಯಾಮ್) ಆಮೇಲೆ ಹೆಚ್ಚಿಸಿಕೊಳ್ಳಲಾಗದು, ಕೊಳ್ಳುವಾಗಲೇ ತೀರ್ಮಾನಿಸಿಬಿಡಬೇಕು. ‘16 ಜಿಬಿ ಸಾಕಾಗುತ್ತದೆಯೇನೋ?’ ಎಂದೆ. ‘ಈಗ ಸಾಕು. ಮುಂದಕ್ಕೆ ಇರಲಿ ಅಂತ 24 ತೆಗೆದುಕೊಳ್ಳಿ’ ಎಂದ.

ಮುಂದಕ್ಕೆ ಎಂದರೆ ಯಾವುದಕ್ಕೆ? ಇನ್ನೈದು ವರ್ಷಕ್ಕೆ ನಾನೇನು ಮಾಡುತ್ತಿರುತ್ತೇನೆಂದು ಅವನಿಗೆ ತಿಳಿದಿದ್ದರೆ ಕೇಳಿ ತಿಳಿದುಕೊಳ್ಳುವ ಆಸೆ ನನಗೂ ಇತ್ತು. ಅಷ್ಟರಲ್ಲಿ ಅವನು ಮೊಬೈಲಿನಲ್ಲಿ ಬಣ್ಣಗಳನ್ನು ತೋರಿಸಿ, ‘ಬೆಳ್ಳಿಯೋ, ಕಪ್ಪೋ?’ ಎಂದ. ಕಪ್ಪು ಎಂದು ಹಿಂದೆಮುಂದೆ ನೋಡದೆ ಹೇಳಿದೆ. ಉಳಿದದ್ದು ಇನ್ನೂ ಇತ್ಯರ್ಥವಾಗಬೇಕಿದೆ.